ಹಳೆಯ ಮನೆಗಳ ಪಾಠಪರಿಷ್ಕರಣ

ಕನ್ನಡ ಶಾಸನಗಳು ದತ್ತಿಯ ಉದ್ದೇಶವನ್ನು ಹೇಳುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತನ್ನು ಮತ್ತೆ ಮತ್ತೆ ಬಳಸುತ್ತವೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲೆಂದು ಬಸದಿ-ದೇಗುಲಗಳಿಗೆ ಭೂಮಿ ಬಿಡುತ್ತಿದ್ದರು. ಕಟ್ಟಡ ಬಾಳಬೇಕಾದರೆ ಅದಕ್ಕೆ ನಿರಂತರವಾದ ಹುಟ್ಟುವಳಿ ಇರಬೇಕೆಂಬ ತಿಳಿವಳಿಕೆ ಈ ಮಾತಿನ ಬೆನ್ನಿಗಿದೆ. ಆದರೆ ಒಡೆಯರ ಸಂಪತ್ತು ಕರಗಿಹೋದ ಒಂದು ವಾಸದ ಮನೆಗೆ ಆ ಹುಟ್ಟುವಳಿ ಎಲ್ಲಿಂದ ಬರಬೇಕು? ಅಮೆರಿಕದ ಹಲವು ಊರುಗಳು ಇದಕ್ಕೆ ಕಂಡುಕೊಂಡ ಉತ್ತರ, ರಾತ್ರಿಯ ತಂಗುವಿಕೆಯನ್ನೂ ಬೆಳಗಿನ ಉಪಾಹಾರವನ್ನೂ ಒದಗಿಸುವ 'ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಗೃಹ.

ನ್ಯೂಜೆರ್ಸಿಯ ದಕ್ಷಿಣ ತುದಿಯ ಕಡಲೂರು ಕೇಪ್ ಮೇ ಇದಕ್ಕೆ ಪ್ರಸಿದ್ಧ ನಿದರ್ಶನ. 1878ರ ಬೆಂಕಿಯಲ್ಲಿ ಊರಿನ ನಡುಭಾಗ ಸುಟ್ಟಮೇಲೆ ಎದ್ದ ಮರದ ಮನೆಗಳು, ಅವುಗಳ ಅಗಲವಾದ ಮೊಗಸಾಲೆ, ಕುಸುರಿ ಕೆತ್ತನೆಗಳೇ ಇಂದು ಅದರ ಗುರುತು. 1962ರ ಚಂಡಮಾರುತದ ಅನಂತರ ನಗರ ನವೀಕರಣದ ಹೆಸರಿನಲ್ಲಿ ಹಳೆಯದನ್ನು ಕೆಡಹುವ ಉತ್ಸಾಹ ಬೆಳೆಯಿತು. 1879ರ ಎಮ್ಲೆನ್ ಫಿಸಿಕ್ ಭವನವನ್ನೂ ನಾಗರಿಕರು ಹೋರಾಡಿಯೇ ಉಳಿಸಿಕೊಳ್ಳಬೇಕಾಯಿತು. ಅದು ಮ್ಯೂಸಿಯಂ ಆಯಿತು. ಆದರೆ ಒಂದು ಊರು ತನ್ನ ನೂರಾರು ಮನೆಗಳನ್ನು ಮ್ಯೂಸಿಯಂ ಮಾಡಲಾರದು. 1872ರಲ್ಲಿ ಜೂಜಿನ ವಿನೋದಗೃಹವಾಗಿ ಕಟ್ಟಲಾದ ಮೇನ್‌ಸ್ಟೇ ಇನ್‌ನಂತಹ ಕಟ್ಟಡಗಳು ಅತಿಥಿಗೃಹಗಳಾಗಿಯೇ ಉಳಿದವು. 1976ರಲ್ಲಿ ಇಡೀ ಊರು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿತವಾಯಿತು.

ಇಂತಹ ಪರಿವರ್ತನೆಗೆ ಕಾನೂನಿನ ಪ್ರೇರಣೆಯೂ ದೊರೆಯಿತು. 1981ರ ತೆರಿಗೆ ಕಾಯಿದೆ ಪ್ರಮಾಣಿತ ಐತಿಹಾಸಿಕ ಕಟ್ಟಡಗಳ ದುರಸ್ತಿ ವೆಚ್ಚಕ್ಕೆ ಶೇ. 25ರ ತೆರಿಗೆ ವಿನಾಯಿತಿ ಕೊಟ್ಟಿತು. 1986ರಲ್ಲಿ ಅದು ಶೇ. 20ಕ್ಕೆ ಇಳಿಯಿತು. ಈ ವಿನಾಯಿತಿ ಆದಾಯ ತರುವ ಕಟ್ಟಡಕ್ಕೆ ಮಾತ್ರ ಸಲ್ಲುತ್ತದೆ, ಒಡೆಯನ ಸ್ವಂತ ವಾಸಕ್ಕಲ್ಲ. ಅತಿಥಿಗೃಹವನ್ನು ಬರಿಯ ವ್ಯಾಪಾರವೆಂದು ಹಳಿಯುವವರು ಇದನ್ನು ನೆನೆಯಬೇಕು. ದಿನವೂ ಒಲೆ ಹೊತ್ತುವ ಮನೆಯ ಸೋರುವ ಮಾಡು ಬೇಗ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಮನೆ ಸದ್ದಿಲ್ಲದೆ ಕೊಳೆಯುತ್ತದೆ.

ಆದರೂ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಅತಿಥಿಗೆ ಬೇಕಾದುದು ಹಿತವಾದ ಭೂತಕಾಲ. ಪ್ರತಿ ಕೋಣೆಗೂ ಸ್ನಾನದ ಮನೆ ಬೇಕು, ಜೊತೆಗೆ ಎಲ್ಲವೂ ಹಳೆಯದರಂತೆ ಕಾಣಬೇಕು. ಇಲ್ಲಿ ಜೀರ್ಣೋದ್ಧಾರಕನ ಸಂಕಟ ಗ್ರಂಥಸಂಪಾದಕನ ಸಂಕಟವೇ ಆಗುತ್ತದೆ. ತ್ರುಟಿತವಾದ ಓಲೆಯಲ್ಲಿ ತನ್ನ ಊಹೆಯ ಪದವನ್ನು ಗುರುತಿಲ್ಲದೆ ಸೇರಿಸುವ ಸಂಪಾದಕ ಕವಿಗೂ ಓದುಗನಿಗೂ ಅನ್ಯಾಯ ಮಾಡುತ್ತಾನೆ. ಅಮೆರಿಕದ ಒಳಾಡಳಿತ ಇಲಾಖೆಯ ಪುನರುಜ್ಜೀವನ ಮಾನದಂಡಗಳೂ ಇದನ್ನೇ ಹೇಳುತ್ತವೆ: ಊಹೆಯಿಂದ ಇತಿಹಾಸದ ಭ್ರಮೆಯನ್ನು ಹುಟ್ಟಿಸಬಾರದು, ಕಾಲಾಂತರದಲ್ಲಿ ಮಹತ್ತ್ವ ಪಡೆದ ಮಾರ್ಪಾಡುಗಳನ್ನು ಅಳಿಸಬಾರದು, ಹೊಸದು ಹಳೆಯದರಿಂದ ಬೇರೆಯಾಗಿ ತಿಳಿಯುವಂತಿರಬೇಕು. ಪಾಠಪರಿಷ್ಕರಣದ ನಿಯಮಗಳನ್ನು ಮರಗೆಲಸಕ್ಕೆ ಅನ್ವಯಿಸಿದಂತಿದೆ ಇದು.

ಆದರೆ ಮಾನದಂಡಗಳು ಮರ-ಗಾರೆಗಳನ್ನು ಕಾಯುವಷ್ಟು ಬದುಕನ್ನು ಕಾಯಲಾರವು. ಮೊಗಸಾಲೆಯಲ್ಲಿ ಚಹಾ ಕುಡಿದವರ ಕಥೆ ಸುಲಭವಾಗಿ ಉಳಿಯುತ್ತದೆ. ಆ ಚಹಾವನ್ನು ಹಿಂದಿನ ಮೆಟ್ಟಿಲಿನಿಂದ ತಂದವರ ಕಥೆ ಉಳಿಯುವುದು ಕಷ್ಟ. ಗುಲಾಮಗಿರಿಯಿಂದ ಜನರನ್ನು ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ತನ್ನ ಯಾನಗಳ ಖರ್ಚಿಗಾಗಿ 1850ರ ದಶಕದ ಆರಂಭದಲ್ಲಿ ದುಡಿದದ್ದು ಇದೇ ಕೇಪ್ ಮೇಯಲ್ಲಿ. ಆಕೆಯ ಹೆಸರಿನ ಮ್ಯೂಸಿಯಂ ಅಲ್ಲಿ ಬಾಗಿಲು ತೆರೆದದ್ದು 2021ರಲ್ಲಿ. ಸಿರಿವಂತರ ಮನೆಗಳಿಗೆ ಬಣ್ಣ ಬಳಿದು ದಶಕಗಳಾದ ಮೇಲೆ ಈ ನೆನಪಿಗೆ ಸೂರು ಸಿಕ್ಕಿತೆಂಬುದು ವಿಚಾರಾರ್ಹ. ನಗರ ನವೀಕರಣದ ವರ್ಷಗಳಲ್ಲಿ ಅಲ್ಲಿನ ಕಪ್ಪು ಜನರ ಅನೇಕ ಮನೆಗಳು ನೆಲಸಮವಾದವು. ಇಲ್ಲದ ಮನೆಯನ್ನು ಯಾವ ವಿನಾಯಿತಿಯೂ ಉದ್ಧರಿಸಲಾರದು.

ಆದ್ದರಿಂದ ಅತಿಥಿಗೃಹಗಳು ಬೇಕು, ಆದರೆ ಅವು ತಮ್ಮ ಪಾಠಾಂತರಗಳನ್ನು ಮರೆಮಾಚಬಾರದು. ಯಾವ ಗೋಡೆ ಹೊಸದು, ಯಾವ ಕೋಣೆಯಲ್ಲಿ ಯಾರು ದುಡಿದರು ಎಂಬುದನ್ನು ಹೇಳುವ ಒಂದು ಪುಟ ಪ್ರತಿ ಕೋಣೆಯಲ್ಲಿಯೂ ಇರಲಿ. ಅದರಿಂದ ಅತಿಥಿಯ ನಿದ್ದೆ ಕೆಡುವುದಿಲ್ಲ. ಅಡಿಟಿಪ್ಪಣಿಯಿಂದ ಕಾವ್ಯದ ರಸ ಕೆಡುತ್ತದೆಂದು ಭಾವಿಸುವವರು ಕಾವ್ಯವನ್ನು ಪೂರ್ತಿ ಓದಿರುವುದಿಲ್ಲ.