ಬಂದವನೋ, ಬರತಕ್ಕವನೋ?

ಬೆಂಗಳೂರಿನಿಂದ ಕೆಂಗೇರಿಯ ಕಡೆಗೆ ಸಾಗುವ ಮೈಸೂರು ರಸ್ತೆಯ ಬದಿಯಲ್ಲಿ ಯೆಹೂದ್ಯರ ಸ್ಮಶಾನವೊಂದಿರುವುದು. ಅದು 1904ರಷ್ಟು ಹಿಂದಿನದು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ಅಂಗಡಿಯನ್ನಿಟ್ಟು ಹೆಸರಾಗಿದ್ದ ರೂಬಿನ್ ಮೋಸೆಸ್ ಮೊದಲಾದವರ ಆ ಸಣ್ಣ ಸಮಾಜವು ಈಗ ಬೆರಳೆಣಿಕೆಯಷ್ಟಾಗಿದೆ. ಅದೇ ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿ ಮುಂದೆ ಹೋದರೆ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾಮಂದಿರವು ಕಾಣುವುದು. ಆ ಫಲಕದ ಮೇಲಿನ ಹೆಸರಿಗೂ ಈ ಗೋರಿಗಳಲ್ಲಿ ಮಲಗಿರುವವರು ನಿರೀಕ್ಷಿಸಿದ್ದ ಪುರುಷನ ಹೆಸರಿಗೂ ಅರ್ಥವೊಂದೇ ಎಂದರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು.

ಹೀಬ್ರೂ ಭಾಷೆಯ ‘ಮೆಸ್ಸೀಯ’ ಶಬ್ದಕ್ಕೆ ತೈಲದಿಂದ ಅಭಿಷೇಕ ಹೊಂದಿದವನು ಎಂದರ್ಥ. ಪೂರ್ವಕಾಲದ ಇಸ್ರಾಯೇಲರು ತಮ್ಮ ಅರಸರನ್ನೂ ಮಹಾಯಾಜಕರನ್ನೂ ಹೀಗೆಯೇ ಅಭಿಷೇಕಿಸುತ್ತಿದ್ದರು. ನಮ್ಮ ‘ಅಭಿಷಿಕ್ತ’ ಶಬ್ದವು ಇದಕ್ಕೆ ಸರಿಯಾಗಿ ಒಪ್ಪುವುದು. ಇದನ್ನೇ ಗ್ರೀಕರ ಮಾತಿಗೆ ತಿರುಗಿಸಿದಾಗ ‘ಕ್ರಿಸ್ತೋಸ್’ ಎಂದಾಯಿತು. ಆದುದರಿಂದ ಕ್ರಿಸ್ತನೆಂಬುದು ಮನೆತನದ ಹೆಸರಲ್ಲ, ಪದವಿ. ಯೇಸುಕ್ರಿಸ್ತನೆಂದೊಡನೆ ‘ಯೇಸುವೇ ಮೆಸ್ಸೀಯನು’ ಎಂಬ ಪ್ರತಿಜ್ಞಾವಾಕ್ಯವನ್ನು ಉಚ್ಚರಿಸಿದಂತಾಯಿತು. ಯೆಹೂದ್ಯರು ಅಂಗೀಕರಿಸದಿರುವುದು ಈ ವಾಕ್ಯವನ್ನೇ.

ಅವರು ಒಪ್ಪದಿರುವುದಕ್ಕೆ ಕಾರಣವೇನು? ಅವರ ಮತದಲ್ಲಿ ಮೆಸ್ಸೀಯನು ದಾವೀದನ ವಂಶದಲ್ಲಿ ಹುಟ್ಟತಕ್ಕ ಮಾನವನಾದ ಅರಸನು. ನಮ್ಮವರಲ್ಲಿ ಕೆಲವರು ಆತನನ್ನು ಕಲ್ಕಿಗೆ ಹೋಲಿಸುವುದುಂಟು. ಆದರೆ ಯೆಹೂದ್ಯರ ಮೆಸ್ಸೀಯನು ಅವತಾರಪುರುಷನಲ್ಲ. ಚದರಿಹೋದ ಪ್ರಜೆಯನ್ನು ಒಂದುಗೂಡಿಸುವುದು, ಯೆರೂಸಲೇಮಿನ ದೇವಾಲಯವನ್ನು ಮರಳಿ ಕಟ್ಟುವುದು, ಲೋಕದಲ್ಲಿ ಶಾಂತಿಯನ್ನು ನೆಲೆಗೊಳಿಸುವುದು, ಇವು ಆತನ ಕಾರ್ಯಗಳು. 12ನೆಯ ಶತಮಾನದ ಮಹಾಪಂಡಿತನಾದ ಮೈಮೋನಿಡೀಸನು, ಮೆಸ್ಸೀಯನು ಪವಾಡಗಳನ್ನು ತೋರಿಸಬೇಕಾಗಿಲ್ಲ, ಕಾರ್ಯವನ್ನು ಸಾಧಿಸಬೇಕು ಎಂದು ನಿರ್ಣಯಿಸಿದನು. ಈ ಪರೀಕ್ಷೆ ಯೇಸುವೊಬ್ಬನಿಗೇ ಮೀಸಲಾದುದಲ್ಲ. ಕ್ರಿ. ಶ. 132ರಲ್ಲಿ ರೋಮನರ ಮೇಲೆ ದಂಗೆಯೆದ್ದ ಬಾರ್ ಕೊಖ್ಬನನ್ನು ಅಕೀವನಂತಹ ಗುರುವೇ ಮೆಸ್ಸೀಯನೆಂದು ನಂಬಿದ್ದನು. 135ರಲ್ಲಿ ಆತನು ಮಡಿದಾಗ ಆ ನಂಬಿಕೆಯೂ ಮುಗಿಯಿತು. ಇಂದಿನ ಸುಧಾರಿತ ಪಂಥದ ಯೆಹೂದ್ಯರು ವ್ಯಕ್ತಿಗಿಂತ ಶಾಂತಿಯುಗವೊಂದನ್ನೇ ಎದುರುನೋಡುತ್ತಾರೆ.

ಕ್ರೈಸ್ತರ ಸಮಾಧಾನವಾದರೋ ಬೇರೆ. ಯೇಸುವೂ ದಾವೀದನ ವಂಶದವನೇ. ಆದರೆ ಆತನು ದೇವಕುಮಾರನು. ಶಿಲುಬೆಯ ಮರಣದಿಂದ ಮನುಷ್ಯರ ಪಾಪಕ್ಕೆ ಪ್ರಾಯಶ್ಚಿತ್ತವನ್ನು ಮಾಡಿ ಮೂರನೆಯ ದಿನ ಎದ್ದುಬಂದನು. ಆತನ ರಾಜ್ಯವು ಮೊದಲು ಹೃದಯದಲ್ಲಿ ಸ್ಥಾಪಿತವಾಗತಕ್ಕದ್ದು. ಲೋಕಶಾಂತಿಯಾದರೋ ಆತನ ಪುನರಾಗಮನದಲ್ಲಿ ಪೂರ್ಣವಾಗತಕ್ಕದ್ದು ಎಂದು ಅವರು ಹೇಳುವರು. ಹೀಗೆ ನೋಡಿದರೆ ಇಬ್ಬರೂ ಕಾಯುತ್ತಿರುವವರೇ. ಯೆಹೂದ್ಯರಿಗೆ ಮೆಸ್ಸೀಯನ ಕ್ರಿಯಾಪದವು ಭವಿಷ್ಯತ್ಕಾಲದಲ್ಲಿ ಮಾತ್ರ ಇದೆ. ಕ್ರೈಸ್ತರಿಗೆ ಭೂತದಲ್ಲಿಯೂ ಇದೆ, ಭವಿಷ್ಯತ್ತಿನಲ್ಲಿಯೂ ಇದೆ.

ಇಬ್ಬರ ಕೈಯಲ್ಲಿಯೂ ಯೆಶಾಯ ಪ್ರವಾದಿಯ ಗ್ರಂಥವಿದೆ. ವ್ಯಾಖ್ಯಾನ ಮಾತ್ರ ಎರಡು. ಅದರ 7ನೆಯ ಅಧ್ಯಾಯದಲ್ಲಿ ಮಗನನ್ನು ಹೆರುವವಳಿಗೆ ‘ಆಲ್ಮಾ’ ಎಂಬ ಹೀಬ್ರೂ ಶಬ್ದವಿದೆ. ಯುವತಿಯೆಂಬುದು ಯೆಹೂದ್ಯರ ಅರ್ಥ. ಯೇಸುವಿಗೆ ಮುಂಚೆಯೇ ಯೆಹೂದ್ಯರಿಂದಲೇ ಆದ ಗ್ರೀಕ್ ಭಾಷಾಂತರದಲ್ಲಿ ಅಲ್ಲಿ ಕನ್ಯೆಯೆಂಬರ್ಥದ ಶಬ್ದ ಬಿದ್ದಿತು. ಮತ್ತಾಯನ ಸುವಾರ್ತೆಯು ಅದನ್ನೇ ಹಿಡಿಯಿತು. 53ನೆಯ ಅಧ್ಯಾಯದಲ್ಲಿ ಪರರಿಗಾಗಿ ನೋಯುವ ಸೇವಕನೊಬ್ಬನ ವರ್ಣನೆಯಿದೆ. ಕ್ರೈಸ್ತರು ಆತನನ್ನು ಯೇಸುವೆನ್ನುವರು. ರಾಶಿಯೆಂಬ ಯೆಹೂದ್ಯ ವ್ಯಾಖ್ಯಾನಕಾರನು ಇಸ್ರಾಯೇಲ್ ಪ್ರಜೆಯೇ ಆ ಸೇವಕನೆಂದನು. ಒಂದೇ ಸೂತ್ರಕ್ಕೆ ಮೂರು ಭಾಷ್ಯಗಳನ್ನು ಕಂಡಿರುವ ನಮ್ಮ ನಾಡಿನವರಿಗೆ ಇದು ಹೊಸತೇನಲ್ಲ.

ಆದರೆ ಅಲ್ಲಿ ವ್ಯಾಖ್ಯಾನಭೇದವು ವಾದಸಭೆಯಲ್ಲಿ ನಿಲ್ಲಲಿಲ್ಲ. ಯೆಹೂದ್ಯರು ಕುರುಡರೆಂದೂ, ಕ್ರಿಸ್ತನನ್ನು ಕೊಂದ ಕುಲದವರೆಂದೂ ನಿಂದೆ ಹುಟ್ಟಿ, ಐರೋಪ್ಯ ದೇಶಗಳಲ್ಲಿ ಶತಮಾನಗಳವರೆಗೆ ಅವರ ಮನೆಗಳು ಉರಿದವು, ಪ್ರಾಣಗಳು ಹೋದವು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ರೋಮಿನ ಕಥೋಲಿಕ ಸಭೆಯು ತನ್ನ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಸ್ಪಷ್ಟವಾಗಿ ಸಾರಿದುದು 1965ರಲ್ಲಿ. ಅಷ್ಟರಲ್ಲಿ ಹಿಟ್ಲರನ ಕಾಲದಲ್ಲಿ ಅರವತ್ತು ಲಕ್ಷ ಯೆಹೂದ್ಯರ ಸಂಹಾರವು ನಡೆದುಹೋಗಿತ್ತು.

ಕ್ರಿಸ್ಮಸ್ಸಿನ ನಕ್ಷತ್ರದೀಪವನ್ನು ಕಂಡು ಮನೆಯ ಮಕ್ಕಳು, ಯೆಹೂದ್ಯರ ಕುಲದಲ್ಲಿ ಹುಟ್ಟಿದ ಯೇಸುವನ್ನು ಯೆಹೂದ್ಯರೇ ಏಕೆ ಒಪ್ಪಲಿಲ್ಲ ಎಂದು ಕೇಳಬಹುದು. ಹಠದಿಂದ ಒಪ್ಪಲಿಲ್ಲವೆಂದು ಹೇಳಿ ಮುಗಿಸಬಾರದು. ಆತನ ಮೊದಲ ಶಿಷ್ಯರೆಲ್ಲ ಯೆಹೂದ್ಯರೇ ಎಂಬುದನ್ನು ಮೊದಲು ತಿಳಿಸಬೇಕು. ಮಿಕ್ಕವರು ಲೋಕವನ್ನು ನೋಡಿ, ಕತ್ತಿಗಳು ಇನ್ನೂ ನೇಗಿಲ ಗುಳಗಳಾಗಿಲ್ಲವಲ್ಲ ಎಂದರು; ಶಿಷ್ಯರು ಯೇಸುವನ್ನು ನೋಡಿ, ಆ ಕಾರ್ಯವು ಆರಂಭವಾಯಿತೆಂದರು. ಇಷ್ಟನ್ನು ಪಕ್ಷಪಾತವಿಲ್ಲದೆ ಹೇಳಿಕೊಟ್ಟರೆ, ಮಕ್ಕಳು ಎರಡು ಮತಗಳ ನೆರೆಹೊರೆಯವರನ್ನೂ ಗೌರವದಿಂದ ಕಾಣುವರು.