ಕಪ್ಪತಗುಡ್ಡದ ಬೆಂಕಿಗೆ ನಾವೇ ಹೊಣೆ



ಕಪ್ಪತಗುಡ್ಡವನ್ನು ಉಳಿಸಿಕೊಂಡವರು ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯ ಜನರೇ. 2016ರಲ್ಲಿ ಸರ್ಕಾರ ಸಂರಕ್ಷಿತ ಮೀಸಲು ಪ್ರದೇಶದ ಘೋಷಣೆ ಹಿಂಪಡೆದಾಗ ಗಣಿಗಾರಿಕೆ ಕಾಲಿಡುವ ಭೀತಿಯಿಂದ ಅವರು ಗದಗಿನ ಮಠಾಧೀಶರಾಗಿದ್ದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಬೀದಿಗಿಳಿದರು. 2017ರಲ್ಲಿ ಆ ಮಾನ್ಯತೆ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

ಗಣಿಗಾರಿಕೆಗೆ ಎದುರು ನಿಂತ ನಾವು ಬೇಸಿಗೆಯ ಬೆಂಕಿಗೆ ಮಾತ್ರ ಸುಮ್ಮನಿದ್ದೇವೆ. ಹಳೆ ಹುಲ್ಲು ಸುಟ್ಟರೆ ಹೊಸದು ಹುಲುಸಾಗಿ ಬರುತ್ತದೆಂಬ ನಂಬಿಕೆಯಿಂದ ಹಚ್ಚುವವರಿದ್ದಾರೆ; ಆರಿಸದೆ ಎಸೆದ ಬೀಡಿ ತುಂಡೂ ಸಾಕು. ಒಣಗಿ ನಿಂತ ಹುಲ್ಲಿಗೆ ಕಿಡಿ ತಾಗಿದರೆ ಗಾಳಿಗೆ ಇಡೀ ಇಳಿಜಾರೇ ಹತ್ತಿಕೊಳ್ಳುತ್ತದೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಹಾರಿ ಪಾರಾಗಬಹುದು, ಅದರ ಮೊಟ್ಟೆಗಳ ಗತಿ? ಔಷಧಿ ಸಸ್ಯಗಳ ಎಳೆಯ ಸಸಿಗಳೂ ಉಳಿಯುವುದಿಲ್ಲ. ಬೋಳಾದ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ.

ಶಿಕ್ಷಕಿಯಾಗಿ ನನ್ನನ್ನು ಕಾಡುವುದು ಇನ್ನೊಂದು. ಬೆಂಕಿ ಹಚ್ಚಿದವರು ಯಾರೆಂದು ಗೊತ್ತಿದ್ದರೂ ಗುಡ್ಡದಂಚಿನ ಮಕ್ಕಳು ಬಾಯಿ ಬಿಡುವುದಿಲ್ಲ. 'ನಮಗ್ಯಾಕ ಬೇಕು, ಸುಮ್ನಿರು' ಎಂದು ಮನೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಪರಿಸರ ಪಾಠಕ್ಕೆ ಪೂರ್ಣ ಅಂಕ ಪಡೆಯುವ ಮಕ್ಕಳೇ ಇವರು.

ಬೇಸಿಗೆಗೆ ಮುನ್ನವೇ ಅರಣ್ಯ ಇಲಾಖೆ ಬೆಂಕಿ ಹರಡದಂತೆ ಹುಲ್ಲು ತೆಗೆದ ಪಟ್ಟಿಗಳನ್ನು, ಅಂದರೆ ಬೆಂಕಿ ರೇಖೆಗಳನ್ನು ಪೂರ್ಣಗೊಳಿಸಲಿ. ಕಾವಲಿಗೆ ಗುಡ್ಡದ ದಾರಿ ಬಲ್ಲ ಕುರಿಗಾಹಿಗಳನ್ನೇ ಕೂಲಿ ಕೊಟ್ಟು ನೇಮಿಸಲಿ. ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಈ ವಿಷಯವನ್ನು ಹೆಸರು ಹಿಡಿದು ಚರ್ಚಿಸಲಿ.

– ಒಬ್ಬ ಶಿಕ್ಷಕಿ, ಶಿರಹಟ್ಟಿ ತಾಲ್ಲೂಕು