ನೆಲಕ್ಕೆ ಪತ್ರವುಂಟು, ನೀರಿಗಿಲ್ಲ

ಸ್ವಂತ ನೆಲ ಎಂಬ ಎರಡು ಶಬ್ದಗಳಿಗೆ ಮನುಷ್ಯ ಬೇಗ ಸೋಲುತ್ತಾನೆ. ಇದನ್ನು ಅರಿತವರು ಜಗತ್ತಿನ ಎಲ್ಲೆಡೆ ನೆಲವನ್ನು ತುಂಡು ಮಾಡಿ ಮಾರುತ್ತ ಬಂದಿದ್ದಾರೆ. ಮಲೆನಾಡಿನ ಕಾಫಿತೋಟಗಳ ಬೇಲಿಯ ಮೇಲೆ, ಗುಡ್ಡದ ತಿರುವುಗಳಲ್ಲಿ ಇಂದು ಕಾಣುವ ‘ಫಾರ್ಮ್ ಪ್ಲಾಟ್ ಮಾರಾಟಕ್ಕಿದೆ’ ಎಂಬ ಫಲಕ ಹೊಸ ವ್ಯಾಪಾರದ್ದೇನೂ ಅಲ್ಲ. ಅಮೆರಿಕದಲ್ಲಿ ಅರ್ಧ ಶತಮಾನಕ್ಕೂ ಹಿಂದೆಯೇ ಈ ವ್ಯಾಪಾರ ಭರದಿಂದ ನಡೆಯಿತು. ಅಂದು ಬಿತ್ತಿದ್ದರ ಫಲವನ್ನು ಅಲ್ಲಿನ ಜನ ಈಗ ಉಣ್ಣುತ್ತಿದ್ದಾರೆ. ಆ ಕಥೆಯನ್ನು ಬಲ್ಲವರು ಇಲ್ಲಿನ ಫಲಕವನ್ನು ಬೇರೆಯೇ ಕಣ್ಣಿನಿಂದ ಓದುತ್ತಾರೆ.

ಗಾಲಿಮನೆಗೊಂದು ನಿವೇಶನ

ಅಮೆರಿಕನ್ನರು ‘ಆರ್‌ವಿ’ ಎಂದು ಕರೆಯುವ ವಾಹನ ವಾಸ್ತವದಲ್ಲಿ ಒಂದು ಗಾಲಿಮನೆ. ಮಲಗಲು ಹಾಸಿಗೆ, ಬೇಯಿಸಲು ಒಲೆ, ಶೌಚಾಲಯ ಎಲ್ಲವೂ ಅದರೊಳಗೇ ಉಂಟು. ಇಂಥ ವಾಹನಗಳಲ್ಲಿ ಊರೂರು ಸುತ್ತುವವರು 1919ರಷ್ಟು ಹಿಂದೆಯೇ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನು ಕಟ್ಟಿಕೊಂಡಿದ್ದರು. ರಾತ್ರಿಗಿಷ್ಟು ಬಾಡಿಗೆ ಕೊಟ್ಟು ವಾಹನವನ್ನು ನಿಲ್ಲಿಸಿ, ಬೆಳಗಾದರೆ ಮುಂದಕ್ಕೆ ಹೋಗುವುದು ಈ ಬದುಕಿನ ರೀತಿ.

ಬಾಡಿಗೆಗಿಂತ ಮಾರಾಟದಲ್ಲಿ ಲಾಭ ಬೇಗ ಕೈಸೇರುತ್ತದೆ ಎಂಬುದನ್ನು ಕಂಡುಕೊಂಡ ಉದ್ಯಮಿಗಳು ತಂಗುದಾಣವನ್ನೇ ಸೈಟುಗಳಾಗಿ ಕತ್ತರಿಸಿ ಮಾರತೊಡಗಿದರು. ಕೊಂಡವನಿಗೆ ತನ್ನ ಹೆಸರಿನಲ್ಲಿ ನೋಂದಾಯಿತ ಕ್ರಯಪತ್ರ, ವಿದ್ಯುತ್ತಿನ ಒಂದು ಕಂಬ, ನೀರಿನ ಒಂದು ನಲ್ಲಿ, ಕೊಳಚೆ ಹೋಗಲು ಒಂದು ಕೊಳವೆ ಸಿಕ್ಕವು. ರಸ್ತೆ, ಈಜುಕೊಳ, ಸಭಾಭವನ, ಕೊಳಚೆಗುಂಡಿ ಎಲ್ಲರಿಗೂ ಸೇರಿದ್ದಾದವು. ಅವುಗಳ ನಿರ್ವಹಣೆ ಮಾಲೀಕರ ಸಂಘದ ಹೊಣೆ. ಬಂದು ತಂಗಲಿ, ತಂಗದಿರಲಿ, ಪ್ರತಿ ಮಾಲೀಕನೂ ವರ್ಷವರ್ಷ ವಂತಿಗೆ ಕಟ್ಟಲೇಬೇಕು. ಸೈಟುಗಳು ಖಾಲಿಯಾದ ಮೇಲೆ ಉದ್ಯಮಿ ಸಂಘವನ್ನು ಕೊಂಡವರ ಕೈಗೊಪ್ಪಿಸಿ ಹೊರಟುಹೋಗುತ್ತಾನೆ. ಲಾಭ ಅವನ ಪಾಲಿಗೆ, ಹಳೆಯದಾಗುತ್ತಿರುವ ಕೊಳವೆಗಳು ಇವರ ಪಾಲಿಗೆ.

ಕುಸಿತದ ಲೆಕ್ಕ

ಇಂಥ ತಾಣ ಕುಸಿಯುವ ಬಗೆಯನ್ನು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. 200 ಸೈಟುಗಳ ಒಂದು ತಾಣವಿದೆ, ಅದರ ವಾರ್ಷಿಕ ಖರ್ಚು 2 ಲಕ್ಷ ಡಾಲರ್ ಎಂದು ಭಾವಿಸಿದರೆ, ಒಬ್ಬೊಬ್ಬರ ವಂತಿಗೆ 1,000 ಡಾಲರ್. ಮಾಲೀಕರಲ್ಲಿ ಅನೇಕರು ನಿವೃತ್ತರು. ಅವರಿಗೆ ವಯಸ್ಸಾಗುತ್ತದೆ, ಗಾಡಿ ಓಡಿಸುವ ಶಕ್ತಿ ಕುಂದುತ್ತದೆ, ಮಕ್ಕಳಿಗೆ ಆ ಜಾಗ ಬೇಡ. 50 ಜನ ವಂತಿಗೆ ನಿಲ್ಲಿಸಿದರೆ ಉಳಿದವರ ತಲೆಗೆ 1,333 ಡಾಲರ್. ಇನ್ನೂ 50 ಜನ ಕೈಬಿಟ್ಟರೆ 2,000 ಡಾಲರ್. ವಂತಿಗೆ ಏರಿದಷ್ಟೂ ಕೊಳ್ಳುವವರು ದೂರ ಸರಿಯುತ್ತಾರೆ, ಬೆಲೆ ಇಳಿಯುತ್ತದೆ. ಬಾಕಿ ಉಳಿಸಿದವನ ಸೈಟನ್ನು ಸಂಘ ಜಪ್ತಿ ಮಾಡಬಹುದು. ಆದರೆ ಜಪ್ತಿಯಾದ ಸೈಟಿಗೆ ಸಂಘ ಯಾರಿಂದ ವಂತಿಗೆ ವಸೂಲು ಮಾಡೀತು? ತನ್ನಿಂದಲೇ?

ಇತ್ತ ದುರಸ್ತಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. 30 ಆಂಪಿಯರ್‌ಗೆಂದು ಎಳೆದ ಹಳೆಯ ತಂತಿ 50 ಆಂಪಿಯರ್ ಬೇಡುವ ದೊಡ್ಡ ಗಾಡಿಗಳನ್ನು ತಾಳಲಾರದು. ಕೊಳಚೆಯ ಕೊಳವೆ ಒಡೆಯುತ್ತದೆ, ಈಜುಕೊಳಕ್ಕೆ ಬೀಗ ಬೀಳುತ್ತದೆ. ಮಾಲೀಕರ ಸಂಘಗಳಿಗಾಗಿ ಕ್ಯಾಲಿಫೋರ್ನಿಯಾ ರಾಜ್ಯ 1985ರಲ್ಲಿ ಡೇವಿಸ್-ಸ್ಟರ್ಲಿಂಗ್ ಕಾಯಿದೆಯನ್ನು ರೂಪಿಸಿತು. ಸಾಮೂಹಿಕ ಆಸ್ತಿಗಳನ್ನು 3 ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ, ಮುಂದೆ ಬರಲಿರುವ ದುರಸ್ತಿಯ ಖರ್ಚನ್ನು ಲೆಕ್ಕಹಾಕಬೇಕೆಂಬ ನಿಯಮ ಅಲ್ಲಿದೆ. ಲೆಕ್ಕ ಹಾಕಿದಷ್ಟು ಹಣವನ್ನು ಕೂಡಿಡಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ. ಗುಂಡಿಯ ಆಳವನ್ನು ಅಳೆಯಲು ಹೇಳಿದ ಕಾನೂನು ಅದನ್ನು ಮುಚ್ಚಲು ಹೇಳಲಿಲ್ಲ.

ಕೊನೆಗೆ ಬರುವವನು ಸಗಟು ಖರೀದಿದಾರ. ಅವನು ಬಿಡಿಗಾಸಿಗೆ ಒಂದೊಂದೇ ಸೈಟು ಕೊಂಡು ಮತಗಳನ್ನು ಕೂಡಿಹಾಕುತ್ತಾನೆ. ಸೈಟಿಗೊಂದು ಮತವಿರುವಲ್ಲಿ ಸೈಟು ಹೆಚ್ಚಿದ್ದವನೇ ಸಂಘ. ಪ್ರೀತಿಯಿಂದ ಹೂಗಿಡ ನೆಟ್ಟು, ಅಲ್ಲೇ ಕೊನೆಗಾಲ ಕಳೆಯಬೇಕೆಂದಿದ್ದ ವೃದ್ಧ ದಂಪತಿಗಳ ಕೈಯಲ್ಲಿ ಆಗಲೂ ಕ್ರಯಪತ್ರ ಇದ್ದೇ ಇರುತ್ತದೆ. ಅವರು ತಪ್ಪುಗಾರರಲ್ಲ. ನೆಲದ ಬೆಲೆ ನೆಲದಲ್ಲಿರದೆ ಸುತ್ತಲಿನ ಸಾಮೂಹಿಕ ವ್ಯವಸ್ಥೆಯಲ್ಲಿ ಇರುತ್ತದೆಂಬ ಸತ್ಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಸಾಲ್ಟನ್ ಸರೋವರದ ಪಾಠ

ಕೊಳವೆ, ತಂತಿಗಳ ಕುಸಿತವನ್ನಾದರೂ ಹಣ ಸುರಿದು ಸರಿಪಡಿಸಬಹುದು. ಬೆಲೆಗೆ ಆಧಾರವಾದ ನೀರೇ ಕೆಟ್ಟರೆ? ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 70 ಮೀಟರ್ ಕೆಳಗಿರುವ ಸಾಲ್ಟನ್ ಸರೋವರ ಈ ಪ್ರಶ್ನೆಗೆ ಉತ್ತರ. 1905ರಲ್ಲಿ ಕೊಲರಾಡೊ ನದಿ ನೀರಾವರಿ ಕಾಲುವೆಯನ್ನು ಒಡೆದು ತಗ್ಗಿಗೆ ನುಗ್ಗಿತು. 1907ರವರೆಗೂ ಅದನ್ನು ತಡೆಯಲಾಗಲಿಲ್ಲ. ಹಾಗೆ ತುಂಬಿದ ಸರೋವರಕ್ಕೆ ಹೊರದಾರಿಯಿಲ್ಲ. ಅನಂತರ ಅದನ್ನು ಜೀವಂತವಾಗಿರಿಸಿದ್ದು ಸುತ್ತಲಿನ ಹೊಲಗಳಿಂದ ಗೊಬ್ಬರ, ಉಪ್ಪುಗಳನ್ನು ಹೊತ್ತು ಬಸಿದು ಬರುವ ನೀರು. ತಲತಲಾಂತರದಿಂದ ಅಲ್ಲಿ ಬಾಳಿದ ಕವೀಯ ಬುಡಕಟ್ಟಿನವರ ಮೀಸಲು ಭೂಮಿಯಲ್ಲಿ 11 ಸಾವಿರಕ್ಕೂ ಹೆಚ್ಚು ಎಕರೆ ಆ ನೀರಿನಡಿ ಸೇರಿತು. ಅವರಿಗೆ ಪರಿಹಾರ ನೀಡುವ ಕಾನೂನು ಬಂದದ್ದು 2000ದಲ್ಲಿ. ಶರಾವತಿಯ ಮುಳುಗಡೆಯ ಜನರಿಗೆ ಈ ಕಾಯುವಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ನೆಲ ಮುಳುಗಿದ ಆ ಸರೋವರದ ದಡದಲ್ಲೇ 1958ರಲ್ಲಿ ಎಂ. ಪೆನ್ ಫಿಲಿಪ್ಸ್ ಎಂಬ ಭೂವ್ಯಾಪಾರಿ ‘ಸಾಲ್ಟನ್ ಸಿಟಿ’ಯ ನಿವೇಶನಗಳನ್ನು ಮಾರಾಟಕ್ಕಿಟ್ಟ. ಮರಳಿನಲ್ಲಿ ಬೀದಿಗಳನ್ನು ಎಳೆದು, ಕಂಬ ನೆಟ್ಟು, ಗಾಲ್ಫ್ ಮೈದಾನ, ದೋಣಿಕಟ್ಟೆಗಳನ್ನು ತೋರಿಸಿ ಸಾವಿರಾರು ಸೈಟುಗಳನ್ನು ಮಾರಿದ. ಎರಡೇ ವರ್ಷಗಳಲ್ಲಿ ತನ್ನ ಪಾಲನ್ನು ಮಾರಿ ಕೈತೊಳೆದುಕೊಂಡ. 1976 ಮತ್ತು 1977ರ ಚಂಡಮಾರುತಗಳಲ್ಲಿ ನೀರು ಉಕ್ಕಿ, ಗಾಲಿಮನೆಗಳೇ ತುಂಬಿದ್ದ ಎದುರುದಡದ ‘ಬಾಂಬೆ ಬೀಚ್’ ಎಂಬ ಊರಿನ ತಗ್ಗುಭಾಗ ಮುಳುಗಿತು. 1996ರಲ್ಲಿ ಸಾವಿರಾರು ಹೆಜ್ಜಾರ್ಲೆಗಳು ರೋಗದಿಂದ ಸತ್ತವು. 1999ರ ಆಗಸ್ಟ್‌ನಲ್ಲಿ ಆಮ್ಲಜನಕ ಸಾಲದೆ ಸುಮಾರು 76 ಲಕ್ಷ ಮೀನುಗಳು ದಡಕ್ಕೆ ತೇಲಿಬಂದವು. 2003ರ ಒಪ್ಪಂದದಂತೆ ಹೊಲಗಳ ಪಾಲಿನ ನೀರಿನಲ್ಲೊಂದು ಭಾಗ ಸ್ಯಾನ್ ಡಿಯೇಗೊ ಕಡೆಯ ನಗರಗಳಿಗೆ ಹೋಯಿತು. ಸರೋವರಕ್ಕೆ ಬದಲಿಯಾಗಿ ಬಿಡುತ್ತಿದ್ದ ನೀರೂ 2017ರ ಅಂತ್ಯಕ್ಕೆ ನಿಂತಿತು. ಈಗ ದಡ ಹಿಂದೆ ಸರಿಯುತ್ತಿದೆ. ಉಳಿದ ನೀರು ಸಮುದ್ರದ ನೀರಿಗಿಂತ ಸುಮಾರು ಎರಡು ಪಟ್ಟು ಉಪ್ಪಾಗಿದೆ. ಬಯಲಾದ ತಳದ ಧೂಳು ಗಾಳಿಗೇರಿ, ಹೊಲಗಳಲ್ಲಿ ದುಡಿಯುವ ಬಡವರ ಮಕ್ಕಳ ಎದೆಗೆ ಇಳಿಯುತ್ತಿದೆ. 2020ರ ಜನಗಣತಿಯಲ್ಲಿ ಬಾಂಬೆ ಬೀಚಿನ ಜನಸಂಖ್ಯೆ 231. ಸಾಲ್ಟನ್ ಸಿಟಿಯ ಎಷ್ಟೋ ಬೀದಿಗಳಿಗೆ ಹೆಸರಿದೆ, ಮನೆಯಿಲ್ಲ.

ಅಲ್ಲಿನ ಖಾಲಿ ಸೈಟುಗಳ ಒಡೆತನ ಇಂದಿಗೂ ಕಾನೂನಿನ ಪ್ರಕಾರ ನಿಷ್ಕಳಂಕ. ಪತ್ರ ಸರಿಯಾಗಿದೆ, ಅಳತೆ ಸರಿಯಾಗಿದೆ, ತೆರಿಗೆಯೂ ತಪ್ಪಿಲ್ಲ. ಸತ್ತದ್ದು ಸರೋವರ ಮಾತ್ರ.

ಮಲೆನಾಡಿನ ಬಾಗಿಲಲ್ಲಿ

ಮರುಭೂಮಿಯ ಮಾತು ಮಳೆನಾಡಿಗೇಕೆ ಎಂದು ಕೇಳುವವರಿದ್ದಾರೆ. ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ರದ್ದಾದವು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿ ಹಾಗೆ ಸರಿಯಿತು. ಅದರ ಬೆನ್ನಿಗೆ ನೆಲವನ್ನು ಗುಂಟೆಗಳ ಲೆಕ್ಕದಲ್ಲಿ ಕತ್ತರಿಸುವ ಕತ್ತರಿ ಮತ್ತಷ್ಟು ಹರಿತವಾಯಿತು. ‘ನಿಮ್ಮದೇ ಕಾಫಿಗಿಡ, ನಿಮ್ಮದೇ ಹಳ್ಳ, ನಿರ್ವಹಣೆ ನಮ್ಮದು’ ಎಂಬ ಮಾತಿನ ಧಾಟಿ ಸಾಲ್ಟನ್ನಿನ ದಡದಲ್ಲಿ ಕೇಳಿದ್ದೇ. ಹಳ್ಳ ಯಾರದ್ದಾದೀತು? ಅದು ಮೇಲಿನ ಕಾಡಿನದು, ಕೆಳಗಿನ ಗದ್ದೆಯದು. ಅಬ್ಬಿಯ ನೀರನ್ನು ತಲೆಮಾರುಗಳಿಂದ ಹಂಚಿಕೊಂಡು ಕುಡಿದ ಮನೆಗಳ ಹಕ್ಕು ಯಾವ ಕ್ರಯಪತ್ರದಲ್ಲೂ ಬರೆದಿಲ್ಲ. ಬರೆದಿಲ್ಲವೆಂಬ ಕಾರಣಕ್ಕೇ ಅದನ್ನು ಮಾರುವುದು ಸುಲಭವಾಗಿದೆ.

ಜೆಸಿಬಿ ಬಂದು ಗುಡ್ಡದ ಬುಡವನ್ನು ಕಡಿದರೆ ಧರೆ ನಿಲ್ಲುವುದಿಲ್ಲ. ನೀರಿಳಿಯುವ ಹಾದಿಗೆ ರಸ್ತೆ ಅಡ್ಡ ಬಂದರೆ ಮಳೆ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ವಯನಾಡು ಕಂಡ ದಾರುಣ ದೃಶ್ಯಗಳ ಬಳಿಕವೂ ಇಳಿಜಾರನ್ನು ಸೈಟು ಮಾಡುವವರಿಗೆ ಅಂಜಿಕೆ ಹುಟ್ಟಿಲ್ಲ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲೇ ಪಶ್ಚಿಮ ಘಟ್ಟದಲ್ಲಿ ಹೊಸ ಗಿರಿಧಾಮಗಳು ಬೇಡವೆಂದಿತ್ತು. ಗಿರಿಧಾಮವೆಂಬ ಫಲಕವಿಲ್ಲದೆ, ಗುಂಟೆ ಗುಂಟೆಯಾಗಿ ಗಿರಿಧಾಮವನ್ನು ಕಟ್ಟುವುದು ಆ ಎಚ್ಚರಿಕೆಗೆ ಮಾಡುವ ವಂಚನೆಯಲ್ಲದೆ ಮತ್ತೇನು?

ರೈತ ತನ್ನ ನೆಲ ಮಾರಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಡಕೆಗೆ ಕೊಳೆ, ಗದ್ದೆಗೆ ಕಾಡುಹಂದಿ, ತೋಟಕ್ಕೆ ಆನೆ, ಕೆಲಸಕ್ಕೆ ಆಳಿಲ್ಲ, ಮಗಳ ಓದಿಗೆ ಸಾಲ: ಇಷ್ಟರ ನಡುವೆ ಮಾರುವವನನ್ನು ದೂಷಿಸುವುದು ಅಮಾನವೀಯ. ದೂಷಣೆಗೆ ಅರ್ಹರು ಬೇರೆಯವರು. ಕೃಷಿಯನ್ನು ನಷ್ಟಕ್ಕೆ ನೂಕಿ ಮಾರಾಟವೊಂದನ್ನೇ ದಾರಿಯಾಗಿಸಿದ ನೀತಿ ಮೊದಲನೆಯದು. ಆ ಸಂಕಟವನ್ನು ಅಗ್ಗಕ್ಕೆ ಕೊಂಡು, ಇಡೀ ಊರಿನ ನೀರು ನೆರಳುಗಳನ್ನು ಅದರೊಂದಿಗೆ ಸೇರಿಸಿ ದುಬಾರಿಗೆ ಮಾರುವ ವ್ಯಾಪಾರಿ ಎರಡನೆಯವನು. ರೈತ ಮಾರಿದ್ದು ತನ್ನ ಎರಡು ಎಕರೆ. ವ್ಯಾಪಾರಿ ಮಾರಿದ್ದು ಊರನ್ನು.

ತುಂಡಾಗದ ನೆಲ

ಬೇರೆ ದಾರಿಯೂ ಉಂಟು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೆರೆಡಿತ್ ಎಂಬಲ್ಲಿ 1984ರಲ್ಲಿ ಸಂಚಾರಿಮನೆಗಳ ಬಡ ನಿವಾಸಿಗಳು ತಮ್ಮ ಮನೆಗಳಡಿಯ ನೆಲವನ್ನು ಸೈಟುಗಳಾಗಿ ಒಡೆಯದೆ, ಸಹಕಾರಿ ಸಂಘದ ಹೆಸರಿನಲ್ಲಿ ಒಟ್ಟಾಗಿ ಕೊಂಡರು. ಆ ಮಾದರಿ ಮುಂದೆ ಹಲವು ರಾಜ್ಯಗಳಿಗೆ ಹಬ್ಬಿತು. ಅಲ್ಲಿ ಮತ ಇರುವುದು ಮನೆಗೆ. ಹತ್ತು ಸೈಟು ಕೊಂಡು ಹತ್ತು ಮತ ಕೂಡಿಹಾಕುವ ಆಟ ನಡೆಯದು. ಮಲೆನಾಡಿಗೆ ಇದು ಹೊಸ ಪಾಠವಲ್ಲ. ಕೊಡಗಿನ ಸುಮಾರು 1,200 ದೇವರಕಾಡುಗಳು, ಉತ್ತರ ಕನ್ನಡದ ಸೊಪ್ಪಿನಬೆಟ್ಟ, ಊರೊಟ್ಟಿನ ಕೆರೆ, ಗೋಮಾಳ ಇವೆಲ್ಲವೂ ತುಂಡಾಗದಿದ್ದುದರಿಂದಲೇ ಉಳಿದವು; ತುಂಡಾದಲ್ಲೆಲ್ಲ ಅಳಿದವು.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಹೋಗಲಿ. ಬಡಾವಣೆಯ ಅರ್ಜಿ ಬಂದಾಗ ಕೆಲವು ಪ್ರಶ್ನೆಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ನೀರು ಯಾವ ಅಬ್ಬಿಯದು, ಬೇಸಿಗೆಯಲ್ಲಿ ಅದನ್ನು ಕುಡಿಯುವ ಮನೆಗಳೆಷ್ಟು? ಕೊಳಚೆ ಯಾವ ಹಳ್ಳಕ್ಕೆ ಇಳಿಯುತ್ತದೆ? ಕಡಿದ ಧರೆ ಕುಸಿದರೆ ಕೆಳಗಿನ ಮನೆಗೆ ಹೊಣೆ ಯಾರು? ವ್ಯಾಪಾರಿ ಹೊರಟುಹೋದ ಹತ್ತು ವರ್ಷಗಳ ಬಳಿಕ ರಸ್ತೆ, ಕೊಳವೆಗಳನ್ನು ನೋಡಿಕೊಳ್ಳುವವರು ಯಾರು? 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ನಿರ್ವಹಣಾ ಸಮಿತಿ ಕಾಗದದಿಂದ ಎದ್ದು ಹಳ್ಳದ ದಂಡೆಗೆ ಬರಲಿ. ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಅಬ್ಬಿಗಳನ್ನು ಎಣಿಸಿ, ಅವುಗಳ ಹೆಸರು, ಹರಿವು, ನೀರು ಕುಡಿಯುವ ಮನೆಗಳನ್ನು ಬರೆದಿಡಲಿ. ಕ್ರಯಪತ್ರದಲ್ಲಿ ಇಲ್ಲದ್ದು ಊರಿನ ಪುಸ್ತಕದಲ್ಲಾದರೂ ಇರಲಿ.

ಸಾಲ್ಟನ್ ಸರೋವರದ ದಡದಲ್ಲಿ ಇಂಥ ಪುಸ್ತಕವನ್ನು ಯಾರೂ ಬರೆಯಲಿಲ್ಲ. ಅಲ್ಲಿ ಬರೆದದ್ದು ರಸೀದಿಗಳನ್ನು ಮಾತ್ರ.